ವೃತ್ತದೊಳಗೆ ನಿಂತ ಪ್ರಾರ್ಥನೆ: ಗೊಗೊಲ್‌ನ ಕಥೆಯನ್ನಾಧರಿಸಿದ ‘ವಿಯ್’ ಚಿತ್ರದ ಒಂದು ದೈವಶಾಸ್ತ್ರೀಯ ಓದು

ದೆವ್ವದ ಚಿತ್ರವೊಂದನ್ನು ಕುರಿತು ಈ ಪತ್ರಿಕೆಯಲ್ಲಿ ಬರೆಯುವುದು ಕೆಲವು ವಾಚಕರಿಗೆ ವಿಚಿತ್ರವೆನಿಸಬಹುದು. ಆದರೆ ಇಲ್ಲಿ ಪರಿಶೀಲಿಸಲಿರುವ ಚಿತ್ರದ ನಾಯಕ ಗುರುಮಠದ ವಿದ್ಯಾರ್ಥಿ. ಅವನಿಗೆ ಒಪ್ಪಿಸಲಾಗುವ ಕೆಲಸ, ಮೃತಳೊಬ್ಬಳಿಗಾಗಿ ದೇವಾಲಯದಲ್ಲಿ ಮೂರು ರಾತ್ರಿ ಪ್ರಾರ್ಥಿಸುವುದು. ಅವನು ಸಾಯುವುದೂ ಅದೇ ದೇವಾಲಯದಲ್ಲಿ, ಪ್ರಾರ್ಥನಾಗ್ರಂಥದ ಎದುರಿನಲ್ಲಿ. ಯಾಜಕರಾಗಲು ಸಿದ್ಧರಾಗುತ್ತಿರುವವರೂ ಅವರನ್ನು ಸಿದ್ಧಗೊಳಿಸುವ ಹೊಣೆ ಹೊತ್ತವರೂ ಇಂಥ ಕಥೆಯನ್ನು ನಮ್ಮದಲ್ಲವೆಂದು ತಳ್ಳಿಹಾಕುವಂತಿಲ್ಲ.

ಚಿತ್ರದ ಹೆಸರು ‘ವಿಯ್’. ನಿಕೊಲಾಯ್ ಗೊಗೊಲ್ 1835ರಲ್ಲಿ ‘ಮಿರ್ಗೊರೊದ್’ ಸಂಗ್ರಹದಲ್ಲಿ ಪ್ರಕಟಿಸಿದ ನೀಳ್ಗತೆಯನ್ನು ಆಧರಿಸಿ ಮಾಸ್ಕೋದ ಮೋಸ್‌ಫಿಲ್ಮ್ ಸಂಸ್ಥೆ 1967ರಲ್ಲಿ ತೆರೆಗೆ ತಂದ ಚಿತ್ರವಿದು. ಮೃತ ವಿಶ್ವಾಸಿಗಳನ್ನು ಸ್ಮರಿಸುವ ನವೆಂಬರ್ ತಿಂಗಳಲ್ಲಿ, ಬನಶಂಕರಿ ಎರಡನೇ ಹಂತದಲ್ಲಿ ನಾವು ವಾಸವಿರುವ ಮನೆಯ ಊಟದ ಕೋಣೆಯಲ್ಲಿ ಗೋಡೆಗೆ ಬಿಳಿಯ ಬಟ್ಟೆ ಕಟ್ಟಿ, ದೈವಶಾಸ್ತ್ರದ ಒಂಬತ್ತು ಮಂದಿ ವಿದ್ಯಾರ್ಥಿಗಳೊಂದಿಗೆ ಇದನ್ನು ನೋಡಿದೆ. ಆರಂಭದಲ್ಲಿ ಎಲ್ಲರೂ ನಗುತ್ತಿದ್ದರು. ಮುಗಿದಾಗ ಯಾರೂ ದೀಪ ಹಾಕಲು ಏಳಲಿಲ್ಲ. ಕೊನೆಗೆ ಕಿರಿಯ ಬ್ರದರ್ ಒಬ್ಬರು ಕೇಳಿದರು: “ಫಾದರ್, ಅವನು ಪ್ರಾರ್ಥನೆ ಮಾಡುತ್ತಲೇ ಇದ್ದನಲ್ಲ? ದೇವರು ಏಕೆ ಕೈಬಿಟ್ಟರು?” ಆ ರಾತ್ರಿ ನಾನು ಕೊಟ್ಟ ಉತ್ತರ ನನಗೇ ತೃಪ್ತಿ ತರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ಉತ್ತರಿಸುವ ಎರಡನೆಯ ಪ್ರಯತ್ನ.

ಕಥೆ ಮತ್ತು ಚಿತ್ರ

ಕೀವ್ ನಗರದ ಗುರುಮಠಕ್ಕೆ ಬೇಸಿಗೆಯ ರಜೆ. ಹಸಿದ, ತುಂಟರಾದ, ಕೈಗೆ ಸಿಕ್ಕಿದ್ದನ್ನು ಕದಿಯಲು ಹಿಂಜರಿಯದ ವಿದ್ಯಾರ್ಥಿಗಳು ಬೀದಿಗೆ ನುಗ್ಗುತ್ತಾರೆ. ಅವರಲ್ಲಿ ಮೂವರು ದಾರಿ ತಪ್ಪಿ ಒಬ್ಬ ಮುದುಕಿಯ ಮನೆಯಲ್ಲಿ ತಂಗುತ್ತಾರೆ. ಆ ಮುದುಕಿ ಮಾಟಗಾತಿ. ಖೊಮಾ ಬ್ರೂತ್ ಎಂಬ ತತ್ತ್ವಶಾಸ್ತ್ರದ ವಿದ್ಯಾರ್ಥಿಯ ಬೆನ್ನೇರಿ ಅವನನ್ನು ರಾತ್ರಿಯ ಹೊಲಗಳ ಮೇಲೆ ಹಾರಿಸಿಕೊಂಡು ಹೋಗುತ್ತಾಳೆ. ತಿಳಿದಿದ್ದ ಪ್ರಾರ್ಥನೆಗಳನ್ನೆಲ್ಲ ಹೇಳಿ ಅವನು ನೆಲಕ್ಕಿಳಿಯುತ್ತಾನೆ. ಕೋಲಿನಿಂದ ಅವಳನ್ನು ಸಾಯುವಂತೆ ಹೊಡೆಯುತ್ತಾನೆ. ನೋಡಿದರೆ ಬಿದ್ದಿರುವವಳು ಮುದುಕಿಯಲ್ಲ, ಎಳೆಯ ಹೆಣ್ಣು. ಅವನು ಓಡಿಹೋಗುತ್ತಾನೆ.

ಆಕೆ ಕೊಸಾಕ್ ಪಡೆಯ ಶ್ರೀಮಂತ ನಾಯಕನೊಬ್ಬನ ಮಗಳು. ಸಾಯುವ ಮುನ್ನ ಆಕೆಯ ಬೇಡಿಕೆ ಒಂದೇ: ತನ್ನ ಪಾಪಿ ಆತ್ಮಕ್ಕಾಗಿ ಮೂರು ರಾತ್ರಿ ಪ್ರಾರ್ಥನೆ ಓದಬೇಕು, ಓದುವವನು ಖೊಮಾ ಬ್ರೂತ್ ಆಗಿರಬೇಕು. ಅವನಿಗೆ ಮನಸ್ಸಿಲ್ಲ, ಆದರೂ ಕಾವಲಿನಲ್ಲಿ ಕರೆತರಲಾಗುತ್ತದೆ. ಓದಿ ಮುಗಿಸಿದರೆ ಸಾವಿರ ಚಿನ್ನದ ನಾಣ್ಯ, ತಪ್ಪಿದರೆ ಚರ್ಮದ ಚಾಟಿ ಎಂದು ತಂದೆ ತಿಳಿಸುತ್ತಾನೆ. ಪಾಳುಬಿದ್ದಂತಿರುವ ಮರದ ದೇವಾಲಯದಲ್ಲಿ ಶವದ ಜತೆ ಅವನನ್ನು ಬಿಟ್ಟು ಬಾಗಿಲು ಹಾಕುತ್ತಾರೆ.

ಮೊದಲ ರಾತ್ರಿ ಆಕೆ ಶವಪೆಟ್ಟಿಗೆಯಿಂದ ಏಳುತ್ತಾಳೆ. ಅವನು ತನ್ನ ಸುತ್ತ ಸೀಮೆಸುಣ್ಣದಿಂದ ವೃತ್ತ ಎಳೆದುಕೊಳ್ಳುತ್ತಾನೆ. ಆಕೆಗೆ ಅದನ್ನು ದಾಟಲಾಗದು, ಅವನನ್ನು ಕಾಣಲೂ ಆಗದು. ಎರಡನೆಯ ರಾತ್ರಿ ಶವಪೆಟ್ಟಿಗೆಯೇ ಹಾರಿ ಬಂದು ಕಾಣದ ಗೋಡೆಗೆ ಬಡಿಯುತ್ತದೆ. ಬೆಳಗಾಗುವಷ್ಟರಲ್ಲಿ ಅವನ ತಲೆ ನರೆತಿದೆ. ಮೂರನೆಯ ರಾತ್ರಿ ಗೋಡೆಗಳಿಂದ ಪಿಶಾಚಿಗಳು ಇಳಿಯುತ್ತವೆ. ಅವುಗಳಿಗೂ ಅವನು ಕಾಣದಿದ್ದಾಗ ವಿಯ್ ಎಂಬ, ನೆಲದವರೆಗೆ ರೆಪ್ಪೆ ಜೋತುಬಿದ್ದ ದೈತ್ಯನನ್ನು ಕರೆತರಲಾಗುತ್ತದೆ. ನೋಡಬೇಡ ಎಂದು ಒಳದನಿ ಹೇಳಿದರೂ ಖೊಮಾ ನೋಡುತ್ತಾನೆ. ವಿಯ್ ಬೆರಳು ತೋರಿಸುತ್ತಾನೆ. ಅಲ್ಲಿಗೆ ಮುಗಿಯಿತು.

ಕೊನ್ಸ್ತಾಂತಿನ್ ಯೆರ್ಶೋವ್ ಮತ್ತು ಗಿಯೊರ್ಗಿ ಕ್ರೊಪಚೋವ್ ಎಂಬ ಇಬ್ಬರು ಹೊಸಬರು ನಿರ್ದೇಶಿಸಿದ, ಹೆಚ್ಚುಕಡಿಮೆ ಒಂದೂಕಾಲು ಗಂಟೆಯ ಈ ಚಿತ್ರದ ಸಾಧನಗಳು ಅಲ್ಪ. ಅದರ ಜೀವಾಳವೆಲ್ಲ ಒಂದು ದೇವಾಲಯ, ಒಬ್ಬ ನಟ, ಒಬ್ಬ ನಟಿ, ಕೆಲವು ಮೇಣದ ಬತ್ತಿಗಳಲ್ಲಿದೆ. ಜಾನಪದ ಕಥಾಚಿತ್ರಗಳಿಗೆ ಹೆಸರಾಗಿದ್ದ ಹಿರಿಯ ನಿರ್ದೇಶಕ ಅಲೆಕ್ಸಾಂದರ್ ಪ್ತುಷ್ಕೊ ತಂತ್ರಗಳಿಗೆ ನೆರವಾದರು. ಅವೂ ಕೈಯಿಂದ ಮಾಡಿದವು: ಹಗ್ಗ, ಬಣ್ಣ, ಬೊಂಬೆ, ವೇಷ. ಖೊಮಾನಾಗಿ ಲಿಯೊನಿದ್ ಕುರಾವ್ಲ್ಯೋವ್, ಹೆಣ್ಣಾಗಿ ನತಾಲ್ಯಾ ವಾರ್ಲೆ ನಟಿಸಿದ್ದಾರೆ. ವಾರ್ಲೆ ಸರ್ಕಸ್ ಶಾಲೆಯಲ್ಲಿ ತರಬೇತಿ ಪಡೆದವರು. ಆಕೆಯ ಮೈಯ ಹಿಡಿತ ಪ್ರತಿ ಚಲನೆಯಲ್ಲೂ ಕಾಣುತ್ತದೆ. ಮುದುಕಿಯ ಪಾತ್ರವನ್ನು ಪುರುಷ ನಟರೊಬ್ಬರು ವಹಿಸಿದ್ದಾರೆ.

ಮೊದಲೆರಡು ರಾತ್ರಿಗಳ ಭಯ ಈ ಬಡತನದಿಂದಲೇ ಹುಟ್ಟುತ್ತದೆ. ಕಣ್ಣಿದ್ದೂ ಕಾಣದವಳಂತೆ ಆಕೆ ಗಾಳಿಯಲ್ಲಿ ಅಂಗೈ ಒತ್ತಿ, ಅಲ್ಲಿಲ್ಲದ ಗೋಡೆಯನ್ನು ತಡವುತ್ತಾ ವೃತ್ತದ ಸುತ್ತ ನಡೆಯುವುದನ್ನು ನೋಡಿದವರು ಮರೆಯಲಾರರು. ಗೋಡೆಯನ್ನು ಚಿತ್ರ ತೋರಿಸುವುದೇ ಇಲ್ಲ. ಆಕೆಯ ಅಂಗೈಗಳೇ ಅದನ್ನು ಕಟ್ಟುತ್ತವೆ. ಮೂರನೆಯ ರಾತ್ರಿ ಮಾತ್ರ ಚಿತ್ರ ತನ್ನ ಶಕ್ತಿ ಮೀರಿ ತೋರಿಸಲು ಹೋಗುತ್ತದೆ. ಬೂದು ಬಣ್ಣದ ಪಿಶಾಚಿಗಳೂ ವಿಯ್‌ನ ಭಾರದ ವೇಷವೂ ನಮ್ಮ ವಿದ್ಯಾರ್ಥಿಗಳಲ್ಲಿ ಇಬ್ಬರನ್ನು ಮತ್ತೆ ನಗಿಸಿದವು. ಅಪಹಾಸ್ಯವೆನ್ನಲಾರೆ. ಕಾಣದಿರುವಾಗ ಇದ್ದ ಭಯ ಕಂಡಾಗ ಕಡಿಮೆಯಾಯಿತು, ಅಷ್ಟೆ.

ಮೂರು ಸುಲಭ ಉತ್ತರಗಳು

ಬ್ರದರ್ ಅವರ ಪ್ರಶ್ನೆ ನಮ್ಮ ನಾಡಿನ ವೀಕ್ಷಕನಿಗೆ ಸಹಜವಾದದ್ದು. ಅನಂತನಾಗ್ ಮತ್ತು ಲಕ್ಷ್ಮಿ ನಟಿಸಿದ ‘ನಾ ನಿನ್ನ ಬಿಡಲಾರೆ’ (1979) ಕನ್ನಡದ ದೆವ್ವದ ಚಿತ್ರಗಳಲ್ಲಿ ಇಂದಿಗೂ ನೆನಪಾಗುವಂಥದ್ದು. ಅಲ್ಲಿ ಗುರು ರಾಘವೇಂದ್ರರ ಮೇಲಿನ ಭಕ್ತಿಯೇ ಮನೆಗೆ ರಕ್ಷೆ. ಕಡಿಮೆ ವೆಚ್ಚದಲ್ಲಿ ತಯಾರಾಗಿ ಜನಪ್ರಿಯವಾದ ‘6-5=2’ (2013) ಚಿತ್ರದಲ್ಲಿ ಚಾರಣಕ್ಕೆ ಹೋದ ಗೆಳೆಯರು ಕಾಡಿನಲ್ಲಿ ದಿಕ್ಕುಗೆಡುತ್ತಾರೆ; ಅಲ್ಲಿ ದೇವಸ್ಥಾನದ ಆಸರೆ ಇಲ್ಲ. ಭಕ್ತಿ ಇದ್ದರೆ ಉಳಿವು, ಆಸರೆ ಇಲ್ಲದಿದ್ದರೆ ಅಳಿವು ಎಂಬ ಲೆಕ್ಕ ನಮಗೆ ಪರಿಚಿತ. ‘ವಿಯ್’ ಈ ಲೆಕ್ಕವನ್ನು ಕೆಡಿಸುತ್ತದೆ. ಇಲ್ಲಿ ದೇವಾಲಯವಿದೆ, ಕ್ರಿಸ್ತನ ಚಿತ್ರಪಟವಿದೆ, ಪ್ರಾರ್ಥನೆಯಿದೆ. ಆದರೂ ಪ್ರಾರ್ಥಿಸಿದವನು ಸಾಯುತ್ತಾನೆ.

ಮೊದಲ ಉತ್ತರ: ಅವನು ಪಾಪಿ. ಕುಡುಕ, ಕಳ್ಳ, ಶುದ್ಧಶೀಲನಲ್ಲ. ಆದ್ದರಿಂದ ಅವನ ಪ್ರಾರ್ಥನೆ ಫಲಿಸಲಿಲ್ಲ. ಅಂದು ರಾತ್ರಿ ನಾನು ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ದೈವಶಾಸ್ತ್ರ ಕಲಿಸುವವನ ಬಾಯಲ್ಲಿ ಬರಬಾರದಾಗಿದ್ದ ಮಾತಿದು. ಯಾಜಕನ ಶೀಲವನ್ನು ಅವಲಂಬಿಸಿ ಸಂಸ್ಕಾರದ ಸತ್ವವನ್ನು ಅಳೆಯುವ ದೊನಾತ ಪಂಥದವರ ವಾದವನ್ನು ಸಂತ ಅಗಸ್ಟೀನರು ಹದಿನಾರು ಶತಮಾನಗಳ ಹಿಂದೆಯೇ ನಿರಾಕರಿಸಿದರು. ಜ್ಞಾನಸ್ನಾನ ಕೊಡುವ ಕೈ ಯಾರದಾದರೂ ಕೊಡುವವರು ಕ್ರಿಸ್ತರೇ ಎಂಬುದು ಅವರ ನಿಲುವು. ಮೃತರಿಗಾಗಿ ಕೀರ್ತನೆಗಳನ್ನು ಓದುವುದು ಸಂಸ್ಕಾರವಲ್ಲ, ನಿಜ. ಧರ್ಮಸಭೆಯ ಆಶೀರ್ವಾದಗಳೂ ಉಪಸಂಸ್ಕಾರಗಳೂ ಫಲಕಾರಿಯಾಗುವುದು ಧರ್ಮಸಭೆಯ ಬಿನ್ನಹದ ಮೂಲಕ. ಅದನ್ನು ನಡೆಸುವವರ ಹಾಗೂ ಸ್ವೀಕರಿಸುವವರ ಮನೋಭಾವಕ್ಕೂ ಅಲ್ಲಿ ಪಾತ್ರವಿದೆ. ಆದರೂ ಪಾಪಿಯ ಬಾಯಲ್ಲಿ ಧರ್ಮಸಭೆಯ ಪ್ರಾರ್ಥನೆ ಸತ್ತುಹೋಗುತ್ತದೆ ಎನ್ನುವುದು ಕಥೋಲಿಕ ನಿಲುವಲ್ಲ. ಹಾಗಿದ್ದಿದ್ದರೆ ನಮ್ಮಲ್ಲಿ ಯಾರೂ ಬಾಯಿ ತೆರೆಯುವಂತಿರಲಿಲ್ಲ.

ಎರಡನೆಯ ಉತ್ತರ: ಅವನ ಮನಸ್ಸು ಓದಿನಲ್ಲಿರಲಿಲ್ಲ. ಮನಸ್ಸು ದನಿಯೊಡನೆ ಕೂಡಿರಬೇಕೆಂದು ಸಂತ ಬೆನೆಡಿಕ್ಟರ ನಿಯಮಾವಳಿಯ 19ನೇ ಅಧ್ಯಾಯ ಹೇಳುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆಯೂ 1963ರಲ್ಲಿ ದೈವಾರಾಧನಾ ವಿಧಿಯ ಸಂವಿಧಾನದಲ್ಲಿ ಇದೇ ಆಶಯವನ್ನು ಪುನರುಚ್ಚರಿಸಿತು. ಆದರೆ ಸಂತ ಥಾಮಸ್ ಅಕ್ವಿನಾಸರು ಮನುಷ್ಯರನ್ನು ಬಲ್ಲವರು. ಉಚ್ಚಾರಣೆಯ ಮೇಲಿನ ಗಮನ, ಅರ್ಥದ ಮೇಲಿನ ಗಮನ, ದೇವರ ಮೇಲೂ ಬೇಡುವ ವಿಷಯದ ಮೇಲೂ ಇರುವ ಗಮನ ಎಂದು ಅವರು ಮೂರು ಬಗೆ ಹೇಳುತ್ತಾರೆ. ಓದು ಬಾರದವರಿಗೂ ಸಾಧ್ಯವಾದ ಮೂರನೆಯದೇ ಮುಖ್ಯವೆನ್ನುತ್ತಾರೆ. ಉದ್ದೇಶಪೂರ್ವಕವಲ್ಲದ ಅಲೆದಾಟ ಪ್ರಾರ್ಥನೆಯನ್ನು ನಿಷ್ಫಲಗೊಳಿಸದೆಂದೂ ಸಮಾಧಾನ ಕೊಡುತ್ತಾರೆ. ಅಲ್ಲದೆ, ಆ ಮೂರು ರಾತ್ರಿ ಖೊಮಾನಷ್ಟು ಏಕಾಗ್ರತೆಯಿಂದ ಓದಿದವರು ವಿರಳ. ಜೀವಭಯಕ್ಕಿಂತ ದೊಡ್ಡ ಏಕಾಗ್ರತೆ ಇಲ್ಲ.

ಮೂರನೆಯ ಉತ್ತರ ಸತ್ಯಕ್ಕೆ ಹತ್ತಿರ. ಪ್ರೇಷಿತರ ಕಾರ್ಯಕಲಾಪಗಳ 19ನೇ ಅಧ್ಯಾಯದಲ್ಲಿ ಸ್ಕೇವನ ಏಳು ಮಕ್ಕಳು ಪೌಲನು ಸಾರುವ ಯೇಸುವಿನ ಹೆಸರನ್ನು ಎರವಲು ಪಡೆದು ದೆವ್ವ ಬಿಡಿಸಲು ಹೋಗುತ್ತಾರೆ. ಯೇಸುವನ್ನೂ ಪೌಲನನ್ನೂ ಬಲ್ಲೆನೆನ್ನುವ ದುರಾತ್ಮ ಇವರು ಯಾರೆಂದು ಕೇಳುತ್ತದೆ. ಅವರು ಗಾಯಗೊಂಡು ಬೆತ್ತಲೆಯಾಗಿ ಓಡಿಹೋಗುತ್ತಾರೆ. ಪವಿತ್ರ ನಾಮ ಆಯುಧವಲ್ಲ, ಅದೊಂದು ಸಂಬಂಧ. ಖೊಮಾನ ಬಾಯಲ್ಲಿ ಪ್ರಾರ್ಥನೆಯೂ ಮಂತ್ರವೂ ಒಂದೇ ಉಸಿರಿನಲ್ಲಿ ಬರುತ್ತವೆ, ಯಾವುದು ಕೆಲಸ ಮಾಡಿದರೂ ಸರಿ ಎಂಬಂತೆ. ಆದರೆ ಇಷ್ಟೇ ಆದರೆ ಕಥೆ ಮಾಟದ ವಿರುದ್ಧದ ಎಚ್ಚರಿಕೆಯಾಗಿ ಮುಗಿಯುತ್ತದೆ. ನನಗೆ ಕಾಣುವ ಮಾತು ಇನ್ನೂ ಒಂದು ಹೆಜ್ಜೆ ಆಚೆಗಿದೆ.

ಯಾರಿಗಾಗಿ ಓದಿದ?

ಮೃತದೇಹದ ಬಳಿ ಕೀರ್ತನೆಗಳ ಗ್ರಂಥವನ್ನು ಓದುವುದು ಪೂರ್ವದ ಆರ್ಥಡಾಕ್ಸ್ ಧರ್ಮಸಭೆಯ ಹಳೆಯ ರೂಢಿ. ಅಗಲಿದವರ ಆತ್ಮಕ್ಕಾಗಿ, ಅವರ ಪರವಾಗಿ, ಬದುಕಿರುವವರು ದೇವರೊಡನೆ ಮಾತನಾಡುವ ರೀತಿ ಅದು. ಮೃತರು ಪಾಪಮುಕ್ತರಾಗಲೆಂದು ಪ್ರಾರ್ಥಿಸುವುದು ಪುಣ್ಯದ ಚಿಂತನೆಯೆಂದು ಮಕ್ಕಬಿಯರ ಎರಡನೆಯ ಗ್ರಂಥದ 12ನೇ ಅಧ್ಯಾಯದಿಂದ ನಾವು ಕಲಿತಿದ್ದೇವೆ. ಖೊಮಾನಿಗೆ ವಹಿಸಿದ ಕೆಲಸ ಇದು. ಈ ದೃಷ್ಟಿಯಿಂದ ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಮೂರು ರಾತ್ರಿಗಳಲ್ಲಿ ಒಮ್ಮೆಯೂ, ಒಂದು ಕ್ಷಣವೂ, ಅವನು ಆ ಹೆಣ್ಣಿಗಾಗಿ ಪ್ರಾರ್ಥಿಸುವುದಿಲ್ಲ. ಅವನ ಪ್ರತಿಯೊಂದು ಪದವೂ ಅವನಿಗಾಗಿ. ಆಕೆಗಾಗಿ ತೆರೆದ ಪುಸ್ತಕವನ್ನು ಅವನು ಆಕೆಯ ವಿರುದ್ಧ ಓದುತ್ತಾನೆ.

ಆಕೆಯನ್ನು ಕೊಂದವನು ಅವನೇ ಎಂಬುದನ್ನು ನಾವು ಮರೆಯಬಾರದು. ಚಿತ್ರ ಅದನ್ನು ಮರೆಸುತ್ತದೆ. ಮಾಟಗಾತಿಯನ್ನು ಹೊಡೆದದ್ದು ಆತ್ಮರಕ್ಷಣೆಯೆನಿಸುತ್ತದೆ, ನಾವು ಅವನ ಪಕ್ಷ ವಹಿಸುತ್ತೇವೆ. ಆದರೆ ಹೊಲದಲ್ಲಿ ಹೆಣ್ಣು ನರಳುತ್ತಿದ್ದಾಗ ಅವನು ನಿಲ್ಲಲಿಲ್ಲ. ಯಾರಿಗೂ ಹೇಳಲಿಲ್ಲ. ಗುರುಮಠಕ್ಕೆ ಮರಳಿ ಮೊದಲಿನಂತೆ ಉಂಡು ತಿಂದು ಇದ್ದ. ತಾನು ನೋಯಿಸಿದ ವ್ಯಕ್ತಿಯೇ ತನ್ನ ಪ್ರಾರ್ಥನೆ ಬೇಡಿ ಕರೆಸಿದಾಗ ಅವನ ಮುಂದೆ ಇದ್ದದ್ದು ಅಪರೂಪದ ಅವಕಾಶ: ಪಾಪನಿವೇದನೆ, ಪರಿಹಾರ, ಕ್ಷಮೆ, ಮೂರೂ ಒಂದೇ ಕಡೆ. ಆಕೆ ಕರೆಸಿದ್ದು ಸೇಡಿಗಾಗಿಯೇ ಇರಬಹುದು. ಇದ್ದರೂ ಯಾಜಕನ ಕೆಲಸ ಬದಲಾಗದು. ಹಿಂಸಿಸುವವರಿಗಾಗಿ ಪ್ರಾರ್ಥಿಸಬೇಕೆಂದ ಗುರುವಿನ ಶಿಷ್ಯ ಅವನು.

ಗೊಗೊಲ್ ಕಥೆಯಲ್ಲಿ ಒಂದು ಸೂಚನೆ ಇಟ್ಟಿದ್ದಾನೆ. ಶವದ ಮುಂದೆ ಮೊದಲ ಬಾರಿ ನಿಂತಾಗ ಖೊಮಾನಿಗೆ ಆಕೆಯ ಮುಚ್ಚಿದ ರೆಪ್ಪೆಯ ಕೆಳಗಿನಿಂದ ಕಣ್ಣೀರ ಹನಿಯೊಂದು ಉರುಳಿದಂತೆ ಕಾಣುತ್ತದೆ. ಕೆನ್ನೆಯ ಮೇಲೆ ನಿಂತಾಗ ಅದು ರಕ್ತದ ಹನಿ. ಓದುಗ ಅದನ್ನು ಭಯದ ಸಂಕೇತವೆಂದು ದಾಟಿಬಿಡಬಹುದು. ಆದರೆ ಅದು ಮೊದಲಿಗೆ ಕಣ್ಣೀರು. ಕೊಂದವನ ಎದುರು ಕೊಲೆಯಾದವಳ ಕಣ್ಣೀರು. ಅವನು ಅದನ್ನು ಕಂಡು ನಡುಗಿದನೇ ಹೊರತು ಮರುಗಲಿಲ್ಲ.

ಈ ಬೆಳಕಿನಲ್ಲಿ ವೃತ್ತದ ಅರ್ಥ ತಿಳಿಯುತ್ತದೆ. ವೃತ್ತ ಕೆಲಸ ಮಾಡುತ್ತದೆ ಎಂಬುದೇ ಅದರ ಅಪಾಯ. ಎರಡು ರಾತ್ರಿ ಅದು ಅವನನ್ನು ಕಾಪಾಡಿತು. ಒಳಗೆ ನಿಂತವನು ಸುರಕ್ಷಿತ, ಅಗೋಚರ, ಒಬ್ಬಂಟಿ. ಯಾರಿಗಾಗಿ ಅಲ್ಲಿ ನಿಂತಿದ್ದನೋ ಆಕೆಯೇ ಹೊರಗೆ. ಅವನನ್ನು ಕೊಂದದ್ದು ಬರಿಯ ಭಯವಲ್ಲ. ಭಯದಿಂದ ಕಟ್ಟಿದ ಗೋಡೆಯನ್ನೇ ಪ್ರಾರ್ಥನೆಯೆಂದು ನಂಬಿದ್ದು.

ದೇವರು ಏಕೆ ಕೈಬಿಟ್ಟರು ಎಂಬ ಪ್ರಶ್ನೆಗೆ ನನ್ನ ಉತ್ತರ ಈಗ ಹೀಗಿದೆ: ದೇವರು ಕೈಬಿಟ್ಟರೆಂದು ಹೇಳಲು ಚಿತ್ರದಲ್ಲಿ ಆಧಾರವಿಲ್ಲ. ದೈಹಿಕ ಸಾವು ದೇವರು ಕೈಬಿಟ್ಟದ್ದಕ್ಕೆ ಸಾಕ್ಷಿಯಾದರೆ ಶಿಲುಬೆಯ ಮುಂದೆ ನಾವೇನು ಹೇಳಬೇಕು? ಚಿತ್ರ ತೋರಿಸುವುದು, ಪ್ರಾರ್ಥನೆ ಸೋತದ್ದನ್ನಲ್ಲ. ಪ್ರಾರ್ಥನೆ ನಡೆಯದೇ ಹೋದದ್ದನ್ನು.

ಸೀಮೆಸುಣ್ಣ

ಸೀಮೆಸುಣ್ಣದ ಗೆರೆ ನಮಗೆ ಹೊಸತಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ, ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ, ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ರಾತ್ರಿ ಪರಿಚಿತರ ದನಿಯಲ್ಲಿ ಹೆಸರು ಹಿಡಿದು ಕರೆಯುವ ಹೆಣ್ಣುದೆವ್ವ ಆ ಬರಹ ಓದಿ ಹಿಂದಿರುಗುತ್ತದೆಂದು ನಂಬಿಕೆ. 2018ರ ‘ಸ್ತ್ರೀ’ ಎಂಬ ಹಿಂದಿ ಚಿತ್ರ ಇಂಥದ್ದೇ ವದಂತಿಯನ್ನು ಬಳಸಿಕೊಂಡಿತು. ನಮ್ಮದು ತಲೆಮಾರುಗಳಿಂದ ಕ್ರೈಸ್ತ ಕುಟುಂಬ. ಆದರೂ ನಮ್ಮ ಬಾಗಿಲ ಮೇಲೆ ಆ ಎರಡು ಪದಗಳು ಇದ್ದವು, ಶಿಲುಬೆಯ ಕೆಳಗೆ, ಅಮ್ಮನ ಅಕ್ಷರದಲ್ಲಿ. ಅದೇ ಬಾಗಿಲಿನ ಮೇಲೆ ಜನವರಿಯಲ್ಲಿ ಪ್ರಭುವಿನ ದರ್ಶನದ ಹಬ್ಬಕ್ಕೆ ಆಶೀರ್ವದಿಸಿದ ಸೀಮೆಸುಣ್ಣದಿಂದ ವರ್ಷದ ಅಂಕಿಗಳನ್ನೂ ಶಿಲುಬೆಗಳನ್ನೂ ಬರೆಯುವ ರೂಢಿ ಧರ್ಮಸಭೆಯಲ್ಲಿದೆ. ಒಂದೇ ಸುಣ್ಣ, ಒಂದೇ ಬಾಗಿಲು. ಒಂದು ಬರಹ ಬರುವವರನ್ನು ತಡೆಯುತ್ತದೆ. ಇನ್ನೊಂದು ಕ್ರಿಸ್ತರು ಈ ಮನೆಯನ್ನೂ ಇಲ್ಲಿಗೆ ಬಂದು ಹೋಗುವವರನ್ನೂ ಆಶೀರ್ವದಿಸಲಿ ಎಂದು ಬೇಡುತ್ತದೆ. ಭಯವನ್ನು ನಾನು ಹೀಗಳೆಯುತ್ತಿಲ್ಲ. ಅಮ್ಮ ಬರೆದದ್ದು ಮಕ್ಕಳ ಮೇಲಿನ ಪ್ರೀತಿಯಿಂದ. ಆದರೆ ಯಾಜಕನ ಕೈಗೆ ಸುಣ್ಣ ಬಂದಾಗ ಅವನು ಎರಡರಲ್ಲಿ ಯಾವುದನ್ನು ಬರೆಯುತ್ತಿದ್ದಾನೆಂದು ಅವನಿಗೆ ಗೊತ್ತಿರಬೇಕು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಲಿಸೆನ್ಶಿಯೇಟ್ ಪದವಿಗಾಗಿ ಉಪಸಂಸ್ಕಾರಗಳ ಕುರಿತು ಓದಿದ್ದೆ, ಬರೆದಿದ್ದೆ. ಕೆಲವು ವರ್ಷಗಳ ಹಿಂದೆ ಬನಶಂಕರಿಯ ಒಂದು ಬಾಡಿಗೆ ಮನೆಗೆ ಕರೆ ಬಂತು. ಮಗನಿಗೆ ರಾತ್ರಿ ನಿದ್ದೆಯಿಲ್ಲ, ಒಳಕೋಣೆಯಲ್ಲಿ ಯಾರೋ ಇದ್ದಂತಾಗುತ್ತದೆ, ಮನೆ ಆಶೀರ್ವದಿಸಿಕೊಡಿ ಎಂದು ತಾಯಿ ಕೇಳಿದ್ದರು. ಎರಡು ಕೆಲಸಗಳ ನಡುವೆ ತಡವಾಗಿ ಹೋದೆ. ನಿಂತುಕೊಂಡೇ ಪ್ರಾರ್ಥನೆ ಓದಿ, ಪ್ರತಿ ಕೋಣೆಗೂ ತೀರ್ಥ ಚಿಮುಕಿಸಿ, ಹತ್ತೇ ನಿಮಿಷದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಆಕೆ ಬಾಗಿಲ ಬಳಿ ಬಂದು ಮೆಲ್ಲಗೆ ಹೇಳಿದರು: “ಅತ್ತೆಯವರು ಆ ಕೋಣೆಯಲ್ಲೇ ತೀರಿಕೊಂಡರು ಫಾದರ್. ಕೊನೆಯಲ್ಲಿ ನಾನು ಅವರನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ. ನೀವು ಅವರ ಹೆಸರೇ ಹೇಳಲಿಲ್ಲವಲ್ಲ.”

ನಾನು ಅವರ ಹೆಸರನ್ನು ಕೇಳಿಯೇ ಇರ

ಲಿಲ್ಲ. ಆ ಮನೆಯವರಿಗೆ ಬೇಕಾಗಿದ್ದದ್ದು ಅತ್ತೆಯಿಂದ ರಕ್ಷಣೆಯಲ್ಲ, ಅತ್ತೆಗಾಗಿ ಪ್ರಾರ್ಥನೆ. ನಾನು ಮನೆಯ ಸುತ್ತ ಗೆರೆ ಎಳೆದು ಆ ಮುದುಕಿಯನ್ನು ಹೊರಗಿಟ್ಟು ಹೊರಡುತ್ತಿದ್ದೆ. ಮುಂದಿನ ವಾರ ಮತ್ತೆ ಹೋದೆ. ಆಕೆ ಹೇಳಬೇಕಾದ್ದನ್ನೆಲ್ಲ ಕುಳಿತು ಕೇಳಿದೆ; ಅದರಲ್ಲಿ ಒಂದು ಭಾಗ ಪಾಪನಿವೇದನೆಯಾಯಿತು. ಆ ಕೋಣೆಯಲ್ಲಿ ಹೆಸರು ಹಿಡಿದು ಪ್ರಾರ್ಥಿಸಿದೆವು, ಬಲಿಪೂಜೆಯನ್ನೂ ಅರ್ಪಿಸಿದೆ. ಮಗನನ್ನು ವೈದ್ಯರಿಗೆ ತೋರಿಸುವಂತೆಯೂ ಹೇಳಿದೆ. ಹುಡುಗನಿಗೆ ನಿದ್ದೆ ಬಂತೇ ಎಂಬುದನ್ನು ಇಲ್ಲಿ ಸಾಕ್ಷ್ಯವಾಗಿ ಒಡ್ಡುವುದಿಲ್ಲ. ಫಲ ತೋರಿಸಿ ಪ್ರಾರ್ಥನೆಯನ್ನು ಸಮರ್ಥಿಸುವ ಅಭ್ಯಾಸವೇ ನಮ್ಮನ್ನು ವೃತ್ತದೊಳಕ್ಕೆ ಎಳೆಯುವಂಥದ್ದು.

ಧರ್ಮಸಭೆಯ ಶಿಸ್ತು ಈ ವಿಷಯದಲ್ಲಿ ಎಚ್ಚರಿಕೆಯದು. 1983ರ ಧರ್ಮಸಭಾ ಕಾನೂನಿನ 1172ನೇ ವಿಧಿಯಂತೆ, ಸ್ಥಳೀಯ ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿಯಿಲ್ಲದೆ ಯಾರೂ ಭೂತೋಚ್ಚಾಟನೆ ನಡೆಸುವಂತಿಲ್ಲ. ಅನುಮತಿಯೂ ಭಕ್ತಿ, ಜ್ಞಾನ, ವಿವೇಕ, ಶುದ್ಧ ಜೀವನವುಳ್ಳ ಯಾಜಕನಿಗೆ ಮಾತ್ರ. ಕಾಯಿಲೆಯೇ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕೆಂದೂ, ಕಾಯಿಲೆಯ ಚಿಕಿತ್ಸೆ ವೈದ್ಯಶಾಸ್ತ್ರಕ್ಕೆ ಸೇರಿದ್ದೆಂದೂ ಕಥೋಲಿಕ ಧರ್ಮೋಪದೇಶ ಗ್ರಂಥದ 1673ನೇ ಪರಿಚ್ಛೇದ ಹೇಳುತ್ತದೆ. ನಿಮ್ಹಾನ್ಸ್‌ನಂಥ ಸಂಸ್ಥೆ ಹತ್ತಿರದಲ್ಲೇ ಇರುವ ನಮಗೆ ಅಜ್ಞಾನದ ನೆಪವಿಲ್ಲ. ಈ ನಿಯಮಗಳನ್ನು ವಿದ್ಯಾರ್ಥಿಗಳು ಪರೀಕ್ಷೆಗೆ ಕಂಠಪಾಠ ಮಾಡುತ್ತಾರೆ. ನಾಳೆ ಅವರು ಧರ್ಮಕೇಂದ್ರಗಳಿಗೆ ಹೋದಾಗ ಅವರನ್ನು ಕರೆಯುವವರಲ್ಲಿ ಬಹುಪಾಲು ಜನ ಭೂತ ಹಿಡಿದವರಲ್ಲ. ಯಾರನ್ನೋ ನೋಯಿಸಿ, ಕ್ಷಮೆ ಕೇಳುವ ಮುನ್ನ ಅವರನ್ನು ಕಳೆದುಕೊಂಡವರು. ಇದನ್ನು ಕಾನೂನಿನ ವಿಧಿಯಿಂದ ಕಲಿಸುವುದು ಕಷ್ಟ. ಈ ಚಿತ್ರದಿಂದ ಕಲಿಸಬಹುದು.

ಚಿತ್ರದ ಮಿತಿ

ಚಿತ್ರವನ್ನು ಇಷ್ಟು ಮೆಚ್ಚಿದ ಮೇಲೆ ಅದರ ಕೊರತೆಯನ್ನೂ ಹೇಳಬೇಕು. ಅದು ಖೊಮಾನ ತಪ್ಪನ್ನೇ ತಾನೂ ಮಾಡುತ್ತದೆ. ಆ ಹೆಣ್ಣು ಯಾರು, ಮಾಟದ ದಾರಿಗೆ ಏಕೆ ಬಂದಳು, ಪ್ರಾರ್ಥನೆ ಬೇಡಿದಾಗ ಅವಳ ಮನಸ್ಸಿನಲ್ಲಿ ಕ್ಷಣಕಾಲವಾದರೂ ಪಶ್ಚಾತ್ತಾಪವಿತ್ತೇ ಎಂಬ ಕುತೂಹಲವೇ ಅದಕ್ಕಿಲ್ಲ. ಕೋಳಿ ಕೂಗಿದಾಗ ಅವಳು ಮತ್ತೆ ಮುದುಕಿಯ ಶವವಾಗುತ್ತಾಳೆ. ಸುಂದರ ಮುಖ ಮೋಸವಾಗಿತ್ತು, ನಿಜವಾದದ್ದು ಇದೇ ಎಂದು ಹೇಳಿ ಚಿತ್ರ ಕೈತೊಳೆದುಕೊಳ್ಳುತ್ತದೆ. ವೀಕ್ಷಕನೂ ವೃತ್ತದೊಳಗೇ ಉಳಿಯುತ್ತಾನೆ.

ಕೊನೆಯಲ್ಲೂ ಗೊಗೊಲ್ ಹೆಚ್ಚು ನಿಷ್ಠುರ. ಕಥೆಯಲ್ಲಿ ಪಿಶಾಚಿಗಳು ಕೋಳಿಯ ಮೊದಲ ಕೂಗನ್ನು ಕೇಳಿಸಿಕೊಳ್ಳದೆ ತಡಮಾಡಿ, ಹಾರಿಹೋಗಲಾಗದೆ ದೇವಾಲಯದ ಕಿಟಕಿ ಬಾಗಿಲುಗಳಲ್ಲಿ ಸಿಕ್ಕಿಬೀಳುತ್ತವೆ. ಬೆಳಿಗ್ಗೆ ಬಂದ ಯಾಜಕ ಅದನ್ನು ಕಂಡು ಒಳಗೆ ಕಾಲಿಡುವುದಿಲ್ಲ. ದೇವಾಲಯ ಹಾಗೆಯೇ ಉಳಿದು, ಕಾಡು ಬೆಳೆದು, ದಾರಿಯೇ ಮರೆತುಹೋಗುತ್ತದೆ. ಒಬ್ಬ ವಿದ್ಯಾರ್ಥಿಯ ಸಾವಿಗಿಂತ ಇದು ಭಯಾನಕ: ಯಾರೂ ಯಾರಿಗಾಗಿಯೂ ಪ್ರಾರ್ಥಿಸದ ದೇವಾಲಯ. ಚಿತ್ರ ಇಲ್ಲಿಯವರೆಗೆ ಹೋಗುವುದಿಲ್ಲ. ಖೊಮಾನ ಇಬ್ಬರು ಗೆಳೆಯರು ಕುಡಿಯುತ್ತಾ ಅವನನ್ನು ನೆನೆಯುವ ಹಗುರವಾದ ದೃಶ್ಯದಿಂದ ಮುಗಿಯುತ್ತದೆ. ಆ ಗೆಳೆಯರೂ ಅವನ ಕಥೆ ಹೇಳಿಕೊಳ್ಳುತ್ತಾರೆಯೇ ಹೊರತು ಅವನ ಆತ್ಮಕ್ಕಾಗಿ ಬೇಡುವುದಿಲ್ಲ.

ಕ್ರುಶ್ಚೋವ್ ಆಡಳಿತದಲ್ಲಿ ಸಾವಿರಾರು ದೇವಾಲಯಗಳು ಮುಚ್ಚಿದ ಕೆಲವೇ ವರ್ಷಗಳ ನಂತರ ಈ ಚಿತ್ರ ಬಂತು. ಪಾಳು ದೇವಾಲಯ ಆ ವೀಕ್ಷಕರಿಗೆ ಕಲ್ಪನೆಯಾಗಿರಲಿಲ್ಲ. ನಿರ್ದೇಶಕರು ಅದನ್ನು ಉದ್ದೇಶಿಸಿದರೆಂದು ನಾನು ಹೇಳಲಾರೆ. ಆದರೆ ಕತ್ತಲಲ್ಲಿ ಮಸುಕಾದ ಚಿತ್ರಪಟಗಳಿಂದ ಸಂತರ ಕಣ್ಣುಗಳು ಖೊಮಾನನ್ನು ನೋಡುವ ದೃಶ್ಯಗಳಲ್ಲಿ ಒಂದು ಭಾರವಿದೆ. ಅವನು ಅವರತ್ತ ಬೆನ್ನು ಹಾಕಿ ತನ್ನ ಗೆರೆಯನ್ನು ನೋಡಿಕೊಳ್ಳುತ್ತಾನೆ.

‘ವಿಯ್’ ಬರೆದ ಕೈಯೇ ಮುಂದೆ ಬಲಿಪೂಜೆಯನ್ನು ಕುರಿತ ಧ್ಯಾನಗಳನ್ನೂ ಬರೆಯಿತು. 1848ರಲ್ಲಿ ಜೆರುಸಲೇಮಿಗೆ ಯಾತ್ರೆ ಹೋದ ಗೊಗೊಲ್ 1852ರಲ್ಲಿ ತೀರಿಕೊಂಡ. ಆ ಧ್ಯಾನಗಳು ಅವನ ಮರಣಾನಂತರ 1857ರಲ್ಲಿ ಪ್ರಕಟವಾದವು. ಪೂರ್ವ ಸಂಪ್ರದಾಯದ ಬಲಿಪೂಜೆಯಲ್ಲಿ ಯಾಜಕನು ಬದುಕಿರುವವರಿಗಾಗಿಯೂ ಸತ್ತವರಿಗಾಗಿಯೂ ರೊಟ್ಟಿಯ ಚಿಕ್ಕ ಚಿಕ್ಕ ತುಣುಕುಗಳನ್ನು ತೆಗೆದು ಪವಿತ್ರ ತಟ್ಟೆಯಲ್ಲಿ ಕ್ರಿಸ್ತರ ಸುತ್ತ ಇಡುತ್ತಾನೆ. ಅಲ್ಲಿಯೂ ಒಂದು ವೃತ್ತವಿದೆ. ಆದರೆ ಅದರೊಳಗೆ ಯಾಜಕ ಒಬ್ಬನೇ ಇಲ್ಲ. ಅವನು ಹೆಸರು ಹಿಡಿದು ಕರೆದವರೆಲ್ಲ ಇದ್ದಾರೆ.

ಪ್ರಶ್ನೆ ಕೇಳಿದ ಬ್ರದರ್ ಅವರಿಗೆ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಯೋಚಿಸಿ ಕೇಳಿದರು: “ಹಾಗಾದರೆ ಮೊದಲ ರಾತ್ರಿ ಅವನು ಏನು ಮಾಡಬೇಕಿತ್ತು, ಫಾದರ್?” ಆಕೆಯ ಹೆಸರು ಕೇಳಿ ತಿಳಿದುಕೊಳ್ಳಬೇಕಿತ್ತು ಎಂದೆ. ಕಥೆಯಲ್ಲಾಗಲಿ ಚಿತ್ರದಲ್ಲಾಗಲಿ ಆ ಹೆಣ್ಣಿಗೆ ಹೆಸರಿಲ್ಲ. ಎಲ್ಲರೂ ಅವಳನ್ನು ಯಜಮಾನರ ಮಗಳು ಎಂದಷ್ಟೇ ಕರೆಯುತ್ತಾರೆ.